ಕೋಟೆ ಪಾರ್ಕಿನಲ್ಲಿ ಪುಷ್ಪಲತಾಳ ಜೊತೆ

ಮಾಗಳ
18-1-1998

ಅಂಜಿನಕ್ಕನಿಗೆ ತಮ್ಮ ಮೈಲಾರಲಿಂಗಪ್ಪನ ನಮಸ್ಕಾರಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಭತ್ತದ ಕೊಯ್ಲಿನ ನೆವ ಹೇಳಬಹುದು, ಆದರೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಬೇಸರಿಸಬೇಡ. ಇಲ್ಲಿ ನಾವೆಲ್ಲ ಆರಾಮಾಗಿದ್ದೇವೆ. ಸೊಸೆಗೆ ಏಳು ತಿಂಗಳು. ಗವಿಸಿದ್ದೇಶ ಅವಳಿಗೆ ಒಂದು ಕೊಡ ಎತ್ತಲೂ ಬಿಡುವುದಿಲ್ಲ.

ಮೊನ್ನೆ ಸೋಮವಾರ ಹರಪನಹಳ್ಳಿಗೆ ಹೋಗಿ ಪುಷ್ಪಲತಾಳನ್ನು ನೋಡಿ ಬಂದೆ. ಮಗಳನ್ನು ಆ ಮನೆಗೆ ಕೊಟ್ಟು, ಆ ಮನೆಯ ಹುಡುಗಿಯನ್ನೇ ಗವಿಸಿದ್ದೇಶನಿಗೆ ತಂದುಕೊಂಡಾಗ, ಒಂದೇ ಚಪ್ಪರದಲ್ಲಿ ಎರಡು ಲಗ್ನ ಮುಗಿದವೆಂದು ನೀನೂ ನಾನೂ ಎಷ್ಟು ಹಿಗ್ಗಿದ್ದೆವು.

ಬೀಗತಿ ಸುಂಕಮ್ಮ ಬಾಗಿಲಲ್ಲೇ, "ಒಳಗ ಸುಣ್ಣ ಹೊಡಿಯಾಕ ಹತ್ಯಾರ. ಕೋಟಿ ಪಾರ್ಕಿನ್ಯಾಗ ಕುಂತು ಮಾತಾಡೋಣ ಬರ್ರಿ" ಎಂದರು. ತಾವೂ ಚಪ್ಪಲಿ ಮೆಟ್ಟಿ ಹೊರಟರು.

ಪಾರ್ಕು ಚೆನ್ನಾಗಿದೆ ಅಕ್ಕ. ಪಾಳೇಗಾರರ ಕಾಲದ ಬಿದ್ದ ಗೋಡೆ, ಬುರುಜು, ಗಿಡ ಬೆಳೆದ ಒಣ ಬಾವಿ. ಅವುಗಳ ನಡುವೆ ಅಡ್ಡಾಡಲು ಕಾಲುದಾರಿ. ಮರಗಳಿಗೆಲ್ಲ ಹೆಸರಿನ ತಗಡು ಬಡಿದಿದ್ದಾರೆ. ಪುಷ್ಪ ಒಂದೊಂದನ್ನೂ ನಿಂತು ಓದಿದಳು. "ಅಪ್ಪಾ, ಇದು ಕಮರ. ಇದು ಹೊಂಗಿ." ಹೊಲದ ಬದುವಿನಲ್ಲಿ ಆಡಿ ಬೆಳೆದವಳಿಗೆ ಹೊಂಗೆ ಗೊತ್ತಿಲ್ಲವೇ? ಸುಂಕಮ್ಮ ಬೆನ್ನಿಗೇ ಇದ್ದರು, ಬೇರೆ ಏನು ಮಾತಾಡಿಯಾಳು. ಅವಳ ಮುಂಗೈ ಮೇಲೆ ಸುಟ್ಟ ಕಲೆ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಸುಂಕಮ್ಮ, "ಹಂಚು ತಾಗೇತ್ರಿ. ಲಕ್ಷ್ಯ ಕಡಿಮಿ ಆಕಿಗೆ" ಎಂದರು.

ಬುರುಜಿನ ನೆರಳಲ್ಲಿ ನಾನು ಒಯ್ದಿದ್ದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಬಿಚ್ಚಿದೆ. ಅವಳು ಗಬಗಬ ತಿಂದಳು. "ಮನ್ಯಾಗ ಉಣ್ಣಂಗಿಲ್ಲೇನವಾ?" ಎಂದೆ. ಅತ್ತೆಯ ಕಡೆ ನೋಡಿ, "ಅವ್ವನ ಕೈದು ಅಲ್ಲೇನಪ್ಪಾ" ಎಂದಳು.

ಭಾವನವರಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ. ಕೊಟ್ಟೂರೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಮೈಲಾರಲಿಂಗಪ್ಪ

ತಾ.ಕ.: ಮೇಲಿನದನ್ನು ಎಲ್ಲರಿಗೂ ಓದಿ ಹೇಳು. ಇದನ್ನು ನೀನೊಬ್ಬಳೇ ಓದು. ಬುರುಜಿನ ಹಿಂದೆ ದಾರಿ ತಿರುಗುವಲ್ಲಿ ಸುಂಕಮ್ಮ ಕಾಲಿನ ಮುಳ್ಳು ತೆಗೆಯಲು ಕುಳಿತರು. ಪುಷ್ಪ ನನ್ನ ಅಂಗಿ ಹಿಡಿದು, "ಅಪ್ಪಾ, ಇವತ್ತೇ ಕರಕೊಂಡು ಹೋಗು. ಇಲ್ಲಿದ್ರ ನಾ ಉಳಿಯಾಕಿ ಅಲ್ಲ" ಎಂದಳು. ನೀನು ಬಂದರೆ ಅವರು ತಮ್ಮ ಮಗಳನ್ನು ಎಳೆದೊಯ್ಯುತ್ತಾರೆ, ಅವಳ ಹೊಟ್ಟೆಯಲ್ಲಿ ಕೂಸಿದೆ, ಏನು ಮಾಡಲವ್ವಾ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಣ್ಣ, ಅತ್ತಿಗಿ ಚೆಂದ ಅದಾರಲ್ಲ?" ಎಂದಳು. ಹೂಂ ಎಂದೆ. ಅಂಗಿ ಬಿಟ್ಟಳು.

ನಾನು ಬಸ್ಸಿಗೆ ಒಬ್ಬನೇ ಬಂದೆ, ಅಕ್ಕ.