ಹುಲಿಗೆಮ್ಮಜ್ಜಿ ಕಂಡ ಒಂದೇ ನತ್ತಿಂಗ

ನೆರಳುಬೀದಿ, ೨೧೭೪ ಫೆಬ್ರವರಿ ೩೦

ಹುಲಿಗೆಮ್ಮಜ್ಜಿಗೆ, ನಿಮ್ಮ ಮರಿಮಗಳ ಮೊಮ್ಮಗಳು ನಿಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ಈಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಪಾಠ ಹೇಳುತ್ತಿದ್ದ ಶಾಲೆಯ ಹಿಂದೆ ಹಳ್ಳದ ಮರಳಿತ್ತಲ್ಲ, ಅದೀಗ ಊರನ್ನೆಲ್ಲ ಹಬ್ಬಿದೆ. ನಾವಿರುವುದು ನೆರಳುಬೀದಿಯಲ್ಲಿ, ಅಂದರೆ ಮನೆಯಿಂದ ಮನೆಗೆ ಬಟ್ಟೆಯ ಚಾವಣಿ ಕಟ್ಟಿದ ಓಣಿಯಲ್ಲಿ. ಬೆಳಿಗ್ಗೆ ಎದ್ದು ಹೊಸ್ತಿಲ ಮರಳು ಗುಡಿಸುತ್ತೇವೆ, ರೊಟ್ಟಿ ತಟ್ಟುತ್ತೇವೆ, ಸಂಜೆ ಚಾವಣಿ ಸರಿಸಿ ಗಾಳಿಗೆ ಕೂರುತ್ತೇವೆ. ಆ ಹೊತ್ತಿಗೆ ಹಳ್ಳದ ಕಡೆ ಒಂದು ನತ್ತಿಂಗ ಕೂಗುತ್ತದೆ. ಮರಳಿನದೇ ಬಣ್ಣದ ಹಕ್ಕಿ. ದೂರದಲ್ಲಿ ಹಿಟ್ಟಿನ ಗಿರಣಿ ತಿರುಗಿದ ಹಾಗೆ ಒಂದೇ ಸಮನೆ ಗುರುಗುಟ್ಟಿ, ತಟ್ಟನೆ ನಿಲ್ಲಿಸಿ, ಉತ್ತರಕ್ಕೆ ಕಿವಿಗೊಡುತ್ತದೆ. ಆರು ವರ್ಷವಾಯಿತು, ಉತ್ತರ ಬಂದಿಲ್ಲ. ಅದು ಸುಮ್ಮನಾಗುವ ಆ ಗಳಿಗೆ ನನಗೆ ತಡೆಯಲಾಗುವುದಿಲ್ಲ ಅಜ್ಜಿ.

ಬರುವ ವಾರ ಅಲ್ಲಿ ಬಿಸಿಲಗೋಡೆ ಏಳಲಿದೆ. ಬಿಸಿಲು ಹಿಡಿದು ನೀರು ಇಳಿಸುವ ಗಾಜಿನ ಗೋಡೆ ಅದು. ನೀರು ಬೇಕು, ಬೇಡವೆನ್ನಲಾರೆ. ಆದರೆ ನಮ್ಮಲ್ಲೊಂದು ಕಟ್ಟಳೆಯಿದೆ. ಯಾವ ಹಕ್ಕಿಯೇ ಆಗಲಿ, ಎಂದಾದರೊಮ್ಮೆ ಅಲ್ಲಿ ಜೋಡಿಯಾಗಿ ಕಂಡದ್ದಕ್ಕೆ ಬರಹವಿದ್ದರೆ ಆ ನೆಲ ಅದರದು, ಗೋಡೆ ಸುತ್ತಿ ಹೋಗಬೇಕು. ಒಂಟಿಯಾಗಿ ಬಂದದ್ದನ್ನು ‘ದಾರಿತಪ್ಪಿ’ ಅನ್ನುತ್ತಾರೆ, ಅದಕ್ಕೆ ನೆಲವಿಲ್ಲ. ಓಣಿಯ ಹಿರಿಯ ಸೋಮಲಿಂಗಪ್ಪನವರ ಮುಂದೆ, ನೀವು ಕಂಡ ಹಕ್ಕಿಗಳನ್ನು ಬರೆದಿಟ್ಟ ನಿಮ್ಮ ಹಳೆಯ ನೋಟ್‌ಬುಕ್ ಇಟ್ಟೆ. ಓದಿ, “ನಿಮ್ಮಜ್ಜೀನೇ ಒಂದು ಅಂತ ಬರದಾಳಲ್ಲವ್ವಾ, ನಾ ಏನ್ ಮಾಡ್ಲಿ?” ಅಂದರು. ಕೆಟ್ಟವರಲ್ಲ, ಅವರಿಗೂ ಸಂಕಟವಾಗಿತ್ತು.

ನೀವು ಬರೆದದ್ದು ಇಷ್ಟೆ: ‘ಹಳ್ಳದ ಮರಳಲ್ಲಿ ಮರುಭೂಮಿಯ ನತ್ತಿಂಗ. ಒಂದು. ದಾರಿ ತಪ್ಪಿ ಬಂದಿರಬೇಕು. ಗಂಟೆ ಹೊಡೆಯಿತು, ಓಡಿದೆ.’ ಅಯ್ಯೋ ಅಜ್ಜಿ, ಆ ಗಂಟೆಗೆ ಏನು ಅವಸರವಿತ್ತು! ತುಳಿಯುವವರೆಗೂ ಏಳದ ಹಕ್ಕಿಯದು. ಪಕ್ಕದಲ್ಲೇ ಇನ್ನೊಂದು ಕೂತಿದ್ದರೂ ನಿಮಗೆ ಕಾಣುತ್ತಿರಲಿಲ್ಲ.

ಸುಳ್ಳು ಬರೆಯಿರಿ ಎನ್ನುವುದಿಲ್ಲ. ಒಂದನ್ನು ಎರಡು ಮಾಡಲು ನನ್ನ ಹತ್ತಿರವೂ ಪೆನ್ನಿತ್ತು, ಮನಸ್ಸು ಬರಲಿಲ್ಲ. ಈ ಕಾಗದವನ್ನು ಅದೇ ಪುಟದ ಮೇಲೆ ಇಡುತ್ತಿದ್ದೇನೆ. ನಿಮ್ಮಲ್ಲಿಗೆ ಬರುವ ಬೇರೆ ದಾರಿ ನನಗೆ ಗೊತ್ತಿಲ್ಲ. ಶಾಲೆ ಬಿಟ್ಟ ಮೇಲೆ ಇನ್ನೊಮ್ಮೆ ಹಳ್ಳಕ್ಕೆ ಹೋಗಿ. ಚಪ್ಪಲಿ ಬಿಚ್ಚಿ, ಆ ಹಕ್ಕಿಯ ಸುತ್ತ ಮೆಲ್ಲಗೆ ನಾಲ್ಕು ಹೆಜ್ಜೆ ಹಾಕಿ ನೋಡಿ. ಕಂಡಷ್ಟೇ ಬರೆಯಿರಿ.

ನಿಮ್ಮ ಅಕ್ಷರದಲ್ಲಿ ಇನ್ನೊಂದು ಸಾಲು ಮೂಡೀತೇ ಎಂದು ಪುಟ ತೆರೆದಿಟ್ಟುಕೊಂಡು ಕೂತಿದ್ದೇನೆ. ಹೊರಗೆ ಅದು ಈಗಷ್ಟೇ ಕೂಗು ನಿಲ್ಲಿಸಿತು.