ಬ್ರಾಂದಿ ಅಂಗಡಿ ಮುಂದೆ ನಿಂತ ಜೀಪು

ಮೂಡಿಗೆರೆ
ಫೆಬ್ರವರಿ ೧೯೮೪, ಸೋಮವಾರ

ಅತ್ತೆಯವರ ಪಾದಗಳಿಗೆ ಸರ್ವಮಂಗಳಾ ಮಾಡುವ ಶರಣು.

ಓಂಕಾರಪ್ಪನ ಹತ್ತಿರ ನೀವು ಹೇಳಿ ಕಳಿಸಿದ ಮಾತು ಬಂದು ಮುಟ್ಟಿತು. ನಿಮ್ಮ ಮಗನ ಜೀಪು ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಚಿಕ್ಕಮಗಳೂರಿನ ಬ್ರಾಂದಿ ಅಂಗಡಿ ಮುಂದೆ ನಿಂತಿದ್ದನ್ನು ಅವನು ಕಣ್ಣಾರೆ ಕಂಡನಂತೆ. ಇನ್ನು ನೀವು ಮಲ್ಲಂದೂರಿನ ಮಗಳ ಮನೆ ಬಿಟ್ಟು ಬರುವುದಿಲ್ಲವಂತೆ, ಮಗನ ಮುಖವನ್ನೂ ನೋಡುವುದಿಲ್ಲವಂತೆ. ಓಂಕಾರಪ್ಪ ಸುಳ್ಳು ಹೇಳಿಲ್ಲ, ಅತ್ತೆ. ಆ ಜೀಪನ್ನು ನಾನೂ ನೋಡಿದೆ. ಆದರೆ ಪೂರ್ತಿ ಓದುವ ಮೊದಲು ಈ ಕಾಗದವನ್ನು ಒಲೆಗೆ ಹಾಕಬೇಡಿ.

ದೀಪಾವಳಿಯ ಮಾರನೇ ದಿನ ನೀವು ಚೀಲ ಹಿಡಿದು ಹೊರಟಾಗ ಇವರು ಕುಡಿದು ಬಾಗಿಲಿಗೆ ಅಡ್ಡ ಬಿದ್ದಿದ್ದರು. ನೀವು ಇವರನ್ನು ದಾಟಿಕೊಂಡು ಹೋದಿರಿ. ಎಚ್ಚರವಾದ ಮೇಲೆ ನಾನು ಅದನ್ನು ಹೇಳಿದೆ. ಹೇಳದಿದ್ದರೆ ನನಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಮರುದಿನ ಇವರು ತಾವಾಗಿಯೇ ಡಾಕ್ಟರ ಹತ್ತಿರ ಹೋದರು.

ಕುಡಿತ ಬಿಟ್ಟವರೇ ಸೇರಿ ನಡೆಸುವ ಸಭೆಗಳಿವೆ, ಅಲ್ಲಿ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಿ ಎಂದರು ಡಾಕ್ಟರು. ಹೇಳುವುದೇನೋ ಸುಲಭ. ಮೊದಲು ಹೋದದ್ದು ಎಸ್ಟೇಟ್ ಮಾಲೀಕರ ಸಭೆಗೆ. ಅಲ್ಲಿ ಅಳುವುದೂ ಇಂಗ್ಲಿಷಿನಲ್ಲೇ. ಅಲ್ಲಿ ಕೊಟ್ಟ ಕಾಫಿ ಕುಡಿದು ಇವರು ಎದ್ದು ಬಂದರು. ಆಮೇಲೆ ನಮ್ಮ ಮೂಡಿಗೆರೆಯಲ್ಲೇ ಒಂದಕ್ಕೆ ಹೋದರೆ, ಬಾಗಿಲಲ್ಲಿ ಎದುರಾದವನು ನಮ್ಮ ಅಂಗಡಿಗೆ ಮೆಣಸು ತರುವ ಮೇಸ್ತ್ರಿ ಭೂತಯ್ಯ. ಇಬ್ಬರೂ ಮೆಣಸಿನ ರೇಟು ಮಾತಾಡಿ, ದಾರಿ ತಪ್ಪಿ ಬಂದವರ ಹಾಗೆ ಹಿಂದಿರುಗಿದರಂತೆ. ಕೇಳಿ ನನಗೆ ನಗುವೂ ಬಂತು, ಅಳುವೂ ಬಂತು.

ಕೊನೆಗೆ ಜೀಪು ರಿಪೇರಿ ಮಾಡುವ ಖಾದರ್ ಸಾಬರು ಚಿಕ್ಕಮಗಳೂರಿನ ಒಂದು ಶಿಶುವಿಹಾರ ತೋರಿಸಿದರು. ಅವರೂ ಮನೆಯವರಿಗೆ ಹೇಳದೆ ಅಲ್ಲಿಗೆ ಹೋಗುವವರೇ. ಭಾನುವಾರ ಅಲ್ಲಿ ಮಕ್ಕಳ ಬೆಂಚಿನ ಮೇಲೆ ದೊಡ್ಡ ಗಂಡಸರು ಮಂಡಿ ಮಡಚಿ ಕೂತು ಕನ್ನಡದಲ್ಲೇ ಮಾತಾಡುತ್ತಾರೆ. ಊರಿನವರು ಅದಕ್ಕೆ ಕುಡುಕರ ಸ್ಕೂಲು ಎಂದು ಹೆಸರಿಟ್ಟಿದ್ದಾರೆ. ಇವರಿಗೆ ಆ ಜಾಗ ಹಿಡಿಸಿತು. ಪ್ರತಿ ಭಾನುವಾರ ಹೋಗುತ್ತಿದ್ದರು, ನಾನು ನಂಬುತ್ತಿದ್ದೆ.

ಆಗ ನಿಮ್ಮ ಮಾತು ಬಂತು. ನಿನ್ನೆ ವಸ್ತಾರೆಯ ತವರಿಗೆ ಹೋಗುತ್ತೇನೆಂದು ಹೇಳಿ, ಇವರ ಹಿಂದೆಯೇ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದೆ. ಜೀಪು ಬ್ರಾಂದಿ ಅಂಗಡಿ ಮುಂದೆಯೇ ಇತ್ತು. ಹೆಂಗಸು ಅಲ್ಲಿ ಎಲ್ಲಿ ನಿಲ್ಲಬೇಕು ಹೇಳಿ. ಜೀಪು ಹತ್ತಿ, ತಲೆ ಮೇಲೆ ಸೆರಗು ಎಳೆದುಕೊಂಡು ಕೂತೆ. ಹೋಗಿ ಬರುವವರೆಲ್ಲ ಬಗ್ಗಿ ನೋಡಿದರು. ನಾನು ಮಾತ್ರ ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದೆ. ಅಲ್ಲಿನ ಪರದೆ ಅಲುಗಿದಾಗಲೆಲ್ಲ ಬರುವವರು ಇವರೇ ಎಂದು ಸೆರಗು ಸರಿಸುತ್ತಿದ್ದೆ. ಕುಡಿದಾಗ ಇವರು ನಗುವ ನಗು ನಿಮಗೆ ಗೊತ್ತು. ಅದರ ಹಿಂದೆ ಏನು ಬರುತ್ತದೆಂದು ನನ್ನ ಬೆನ್ನಿಗೆ ಗೊತ್ತು.

ಇವರು ಆ ಬಾಗಿಲಿನಿಂದ ಬರಲಿಲ್ಲ, ಅತ್ತೆ. ಹಿಂದಿನ ಓಣಿಯಿಂದ ಖಾದರ್ ಸಾಬರ ಜೊತೆ ನಡೆದು ಬಂದರು. ಪ್ಯಾಂಟಿನ ತುಂಬ ಸೀಮೆಸುಣ್ಣದ ಪುಡಿ. ನನ್ನನ್ನು ಕಂಡು ನಿಂತಲ್ಲೇ ನಿಂತರು. ಹತ್ತಿರ ಬಂದ ಮೇಲೆ ಬಾಯಿ ವಾಸನೆ ನೋಡಿದೆ. ನಾಚಿಕೆ ಬಿಟ್ಟು ನೋಡಿದೆ. ಬರೀ ಏಲಕ್ಕಿ.

ಮತ್ತೆ ಜೀಪು ಇಲ್ಲೇಕೆ ಎಂದು ಕೇಳಿದೆ. ನಮ್ಮ ಕಡೆ ಜನ ಮನುಷ್ಯನನ್ನು ನೋಡುವುದಿಲ್ಲ, ಯಾರ ಜೀಪು ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ಇವರು ತಲೆ ತಗ್ಗಿಸಿ ಹೇಳಿದರು:

"ಬ್ರಾಂದಿ ಅಂಗಡಿ ಮುಂದೆ ನನ್ ಜೀಪ್ ನಿಂತ್ರೆ ಯಾರೂ ಏನೂ ಕೇಳಲ್ಲ ಕಣೆ. ಆ ಸ್ಕೂಲ್ ಮುಂದೆ ನಿಂತ್ರೆ ಊರಿಗೆಲ್ಲ ಗೊತ್ತಾಗ್ತದೆ. ಬಿಟ್ಟ ಅಂತ ಗೊತ್ತಾದ್ಮೇಲೆ ಮತ್ತೆ ಕುಡಿದ್ರೆ ಯಾವ ಮುಖ ಇಟ್ಕಂಡು ತಿರುಗ್ಲಿ?"

ಕುಡಿಯುವಾಗ ಇಲ್ಲದ ನಾಚಿಕೆ ಬಿಡುವಾಗ ಬಂದಿದೆ ನೋಡಿ. ಬೈಯಬೇಕೆಂದುಕೊಂಡೆ, ಆದರೆ ದಾರಿಯಲ್ಲಿ ಇವರು ಇನ್ನೊಂದು ಮಾತು ಹೇಳಿದರು. ಸ್ಕೂಲಿನಿಂದ ಹೊರಡುವಾಗ ನಿಧಾನ ನಡೆಯುತ್ತಾರಂತೆ, ಅಂಗಡಿ ಹತ್ತಿರವಾದ ಹಾಗೆ ಕಾಲೇ ಎಳೆದುಕೊಂಡು ಹೋಗುತ್ತದಂತೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅಷ್ಟು ಕಷ್ಟಪಟ್ಟು ಸಭೆಯಲ್ಲಿ ಕೂತು, ಪ್ರತಿ ವಾರ ಜೀಪು ತೆಗೆಯಲು ಅದೇ ಬಾಗಿಲಿಗೆ ಬರಬೇಕು. ಯಾವುದೋ ಒಂದು ಭಾನುವಾರ ಆ ಪರದೆ ಸರಿಸಿಬಿಟ್ಟರೆ?

ಜೀಪನ್ನು ಸ್ಕೂಲಿನ ಗೇಟಿಗೇ ನಿಲ್ಲಿಸಿ ಎಂದೆ. "ಅವ್ವ ಬಂದ್ರೆ ನಿಲ್ಲಿಸ್ತೀನಿ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಈ ಭಾನುವಾರ ಮಲ್ಲಂದೂರಿನ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಬನ್ನಿ, ಬಸ್ ಸ್ಟ್ಯಾಂಡಿನಲ್ಲಿ ನಾವಿರುತ್ತೇವೆ. ಇವರು ಒಳಗೆ ಹೋಗಿ ಬರುವವರೆಗೆ ನೀವು ಗೇಟಿನಲ್ಲಿ ನಿಂತ ಜೀಪಿನ ಮುಂದಿನ ಸೀಟಿನಲ್ಲಿ ಕೂತಿರಬೇಕು. ನಾನು ಹಿಂದೆ ಕೂರುತ್ತೇನೆ. ನೋಡುವವರು ನೋಡಲಿ. ಇವರು ಬಿಟ್ಟೇಬಿಡುತ್ತಾರೆಂದು ನಾನು ಆಣೆ ಇಡಲಾರೆ. ಈಗಲೂ ಜೀಪಿನ ಸದ್ದಾದರೆ ನಾನು ಮೊದಲು ನೋಡುವುದು ಕೆಳಗಿಳಿಯುವ ಕಾಲು ತೂರಾಡುತ್ತಿದೆಯೇ ಎಂದು. ನನಗೆ ಭಯ, ಅತ್ತೆ. ಒಬ್ಬಳೇ ಭಯಪಟ್ಟು ಸಾಕಾಗಿದೆ.

ಮಲಗಿದ ಮಕ್ಕಳನ್ನು ದಾಟಬಾರದು, ಮರೆತು ದಾಟಿದರೆ ದಾಟಿದವರೇ ತಿರುಗಿ ದಾಟಬೇಕು, ಇಲ್ಲದಿದ್ದರೆ ಮಗು ಏಳಿಗೆಯಾಗುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ನೀವು ದಾಟಿ ಹೋದ ಮಗ ಇನ್ನೂ ಬಾಗಿಲಲ್ಲೇ ಇದ್ದಾರೆ. ಆಶೀರ್ವಾದವನ್ನು ಕಾಗದದಲ್ಲಿ ಬರೆದು ಕಳಿಸಬೇಡಿ, ತಿರುಗಿ ಬಂದು ಮಾಡಿ.

ನಿಮ್ಮ ಮುಂದೆ ಸೆರಗೊಡ್ಡಿರುವ ಸೊಸೆ,
ಸರ್ವಮಂಗಳಾ