ನನ್ನ ಹೆಸರಿನ ಎರಡು ಅರ್ಜಿಗಳು

೧೫ ಸೆಪ್ಟೆಂಬರ್ ೨೦೨೦, ಮಂಗಳವಾರ

ಚಿಕ್ಕೂ,

ನೀನು, ನಿನ್ನ ಹೆಂಡತಿ, ಮಗಳು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಕಾಲದಲ್ಲಿ ಇದನ್ನು ಬಾಯಿಮಾತಿಗೆ ಬರೆಯಲಾಗದು, ನಿಜವಾಗಿಯೇ ಬರೆದಿದ್ದೇನೆ. ಇನ್ನು ಮುಂದಿನದನ್ನೂ ನಿಜವಾಗಿಯೇ ಬರೆಯುತ್ತೇನೆ.

ಹದಿನೈದು ದಿನದಿಂದ ನಿನ್ನ ಫೋನ್ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಕಾಗದ ಬರೆದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು, ಹರಿದೆ. ಎರಡನೆಯದರಲ್ಲಿ ಬರೀ ಅಳು, ಅದನ್ನೂ ಹರಿದೆ. ಮೂರನೆಯದು ಅಮ್ಮನ ಕೈಗೆ ಸಿಕ್ಕಿತು, ಅವಳೇ ಹರಿದಳು. ಫೋನಿನಲ್ಲೇ ಮಾತಾಡೋಣವೆಂದರೆ ನೀನು ‘ಅಕ್ಕಾ, ಸ್ವಲ್ಪ ಕೇಳಿಲ್ಲಿ, ನೀನು ತಪ್ಪು ತಿಳ್ಕೊಂಡಿದ್ದೀಯ’ ಎಂದು ಶುರು ಹಚ್ಚುತ್ತೀಯ. ಐದು ನಿಮಿಷದಲ್ಲಿ ನಾನೇ ನಿನಗೆ ಸಮಾಧಾನ ಹೇಳುತ್ತಿರುತ್ತೇನೆ. ನಲವತ್ತು ವರ್ಷದಿಂದ ಆಗಿರುವುದು ಅದೇ. ಕಾಗದದ ನಡುವೆ ನಿನಗೆ ಬಾಯಿ ಹಾಕಲಾಗದು. ಕೂತು ಓದು.

ಲಾಂಡ್ರಿಯ ಸ್ಥಿತಿ ನಿನಗೆ ಅರ್ಧ ಗೊತ್ತು. ಮಾರ್ಚ್‌ನಲ್ಲಿ ಒಂದೇ ವಾರದೊಳಗೆ ಹೋಟೆಲುಗಳೆಲ್ಲ ಮುಚ್ಚಿದವು. ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟ ಹಾಸುಗಳು, ಮೇಜಿನ ಬಟ್ಟೆಗಳು ಅಟ್ಟಣಿಗೆಯ ತುಂಬ ಕೂತಿದ್ದವು, ಒಯ್ಯುವವರಿಲ್ಲ. ನಾಲ್ವರು ಹೆಂಗಸರಿಗೆ ಎರಡು ತಿಂಗಳು ಹೇಗೋ ಸಂಬಳ ಕೊಟ್ಟೆ. ಜೂನಿನಲ್ಲಿ ಕೈಚೆಲ್ಲಿದೆ. ನಮ್ಮ ನಂಬರಕ್ಕ ನೆನಪಿದ್ದಾಳಲ್ಲ, ಬಟ್ಟೆಗಳ ಅಂಚಿಗೆ ನಂಬರು ಹೊಲಿಯುವವಳು? ಅವಳು ತನ್ನ ಕತ್ತರಿ, ದಾರದ ಡಬ್ಬ ಚೀಲಕ್ಕೆ ಹಾಕಿಕೊಂಡು, ‘ನೀವೇನು ಮಾಡ್ತೀರಿ ಬಿಡಿ. ಬಾಗಿಲು ಮಾತ್ರ ಹಾಕ್ಬೇಡಿ. ಹಾಕಿದ ಬಾಗಿಲು ಮತ್ತೆ ತೆಗೆದದ್ದು ಈ ಬೀದೀಲಿ ನಾನಂತೂ ನೋಡಿಲ್ಲ’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗಲೇ ನೆರವು ಹುಡುಕಲು ಹೊರಟದ್ದು. ನಮ್ಮ ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಟೀಚರ್ ಒಬ್ಬರಿದ್ದಾರೆ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಸಂಘ ಅವರದು. ಕೊಡುವ ಕೈಗಳೆಲ್ಲ ನಿಂತು ಅವರಿಗೂ ಬಾಡಿಗೆ ಕಟ್ಟಲಾಗುತ್ತಿರಲಿಲ್ಲ. ಇಬ್ಬರೂ ದಿನಾ ಬೆಳಿಗ್ಗೆ ನನ್ನ ಇಸ್ತ್ರಿ ಮೇಜಿನ ಆಚೆ ಈಚೆ ಕೂತು ಯಾವ ಯೋಜನೆ, ಯಾವ ನಿಧಿ ಎಂದು ಹುಡುಕಿದೆವು. ಒಂದಕ್ಕೆ ಹತ್ತು ಜನ ಕೆಲಸಗಾರರು ಬೇಕು. ಇನ್ನೊಂದು ಈಗಾಗಲೇ ಬ್ಯಾಂಕಿನಲ್ಲಿ ಸಾಲ ಇರುವವರಿಗೆ ಮಾತ್ರ. ‘ಅಂದ್ರೆ ಮೊದಲು ಮುಳುಗಿ ಬನ್ನಿ, ಆಮೇಲೆ ಹಗ್ಗ ಕೊಡ್ತೀವಿ ಅಂತ’ ಎಂದರು ಟೀಚರ್. ದಾನಿಗಳ ಒಂದು ಸಂಸ್ಥೆ ಅವರನ್ನು, ಕಳೆದ ತಿಂಗಳು ಎಷ್ಟು ಜನಕ್ಕೆ ಊಟ ಹಾಕಿದಿರಿ ಎಂದು ಕೇಳಿತು. ನಾವು ಊಟ ಹಾಕುವುದಿಲ್ಲ, ಓದುತ್ತೇವೆ ಎಂದು ಇವರು ಬರೆದರು. ಓದುವವರಿಗೆ ಅವಕಾಶವಿಲ್ಲ ಎಂದು ಉತ್ತರ ಬಂತು. ಅವತ್ತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗದೆ ಇನ್ನೇನು ಮಾಡುವುದು?

ಕೊನೆಗೆ ಒಂದು ಸರ್ಕಾರಿ ನಿಧಿ ಸಿಕ್ಕಿತು. ಐದು ಜನರೊಳಗಿನ ಸಣ್ಣ ಉದ್ಯಮಗಳಿಗೂ ಸೇವಾ ಸಂಸ್ಥೆಗಳಿಗೂ ಕೊಡುವ, ಹಿಂತಿರುಗಿಸಬೇಕಿಲ್ಲದ ನೆರವು. ಹನ್ನೊಂದು ಪುಟದ ಅರ್ಜಿ. ಟೀಚರ್ ನನ್ನ ಕಾಗುಣಿತ ತಿದ್ದಿದರು, ನಾನು ಅವರ ಲೆಕ್ಕ ತಿದ್ದಿದೆ. ಒಂದೇ ದಿನ ಕೊಟ್ಟು ಬಂದೆವು. ಅವರಿಗೆ ಬಂತು. ನನಗೆ ಆಗಸ್ಟ್ ಕೊನೆಗೆ ಒಂದು ಸಾಲು ಬಂತು: ಅರ್ಜಿದಾರರು ಈಗಾಗಲೇ ನೆರವು ಪಡೆದಿರುವುದರಿಂದ ತಿರಸ್ಕರಿಸಲಾಗಿದೆ.

ಕಚೇರಿಗೆ ಹೋದೆ. ನೆಲದ ಮೇಲೆ ಬಳಿದ ವೃತ್ತಗಳಲ್ಲಿ ಎರಡು ಗಂಟೆ ನಿಂತೆ. ಗಾಜಿನ ಹಿಂದೆ ಒಬ್ಬಳು ಗುಮಾಸ್ತೆ, ನಿನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

‘ನಿಮ್ಮ ಹೆಸರಲ್ಲೇ ಹೋಗಿದೆಯಲ್ಲಮ್ಮ, ಏಪ್ರಿಲ್‌ನಲ್ಲೇ. ಸರಕು ಸಾಗಣೆ. ಎರಡು ಲಾರಿ, ಮೂರು ಜನ ಕೆಲಸದವರು.’

‘ನನ್ನ ಹತ್ರ ಎಲ್ಲಿಯ ಲಾರಿ? ಒಂದು ಕೈಗಾಡಿ ಇದೆ ಕಣಮ್ಮ, ಅದಕ್ಕೂ ಒಂದು ಚಕ್ರ ಸೊಟ್ಟ.’

‘ಇಲ್ನೋಡಿ, ಈ ಸಹಿ ನಿಮ್ಮದಲ್ವಾ?’

ನನ್ನದೇ, ಚಿಕ್ಕೂ. ಎರಡು ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಬೆವರು ಒರೆಸಿಕೊಂಡು, ಓದದೆ ಹಾಕಿದ ಸಹಿ. ‘ಬ್ಯಾಂಕಿನವರ ಶಾಸ್ತ್ರ ಅಕ್ಕಾ, ಹಾಕು’ ಎಂದೆ ನೀನು. ಹಾಕಿದೆ. ನೀನು ಅಡಿಗೆರೆ ತೋರಿಸಿದಲ್ಲೆಲ್ಲ ಹಾಕಿದೆ. ಅದರಲ್ಲೊಂದು, ನನ್ನ ಹೆಸರಿನಲ್ಲಿ ನೀನೇ ಅರ್ಜಿ ಹಾಕಬಹುದೆಂಬ ಅಧಿಕಾರಪತ್ರ. ಅರ್ಜಿಯಲ್ಲಿ ಏನೇನು ಬರೆದಿದೆ ಓದಿ ಹೇಳು ಎಂದು ಗಾಜಿನ ಮುಂದೆಯೇ ನಿಂತು ಅವಳನ್ನು ಕೇಳಿದೆ. ಹಿಂದಿನ ವೃತ್ತದಲ್ಲಿದ್ದವನು ‘ಬೇಗ ಬೇಗ’ ಎಂದು ಗೊಣಗಿದ.

ಇಪ್ಪತ್ತೆರಡು ಲಾರಿಯವನಿಗೆ ಆ ನಿಧಿಯಲ್ಲಿ ಜಾಗವಿರಲಿಲ್ಲ, ಅದಕ್ಕೆ ನಿನ್ನ ವ್ಯವಹಾರವನ್ನು ಕಾಗದದ ಮೇಲೆ ತುಂಡು ಮಾಡಿದೆ. ಹೆಂಡತಿಗೊಂದು ತುಂಡು, ಭಾವಮೈದುನನಿಗೊಂದು, ಅಕ್ಕನಿಗೊಂದು. ಅದೂ ಯಾವಾಗ? ಊರೆಲ್ಲ ಬಾಗಿಲು ಹಾಕಿ ಕೂತಾಗಲೂ ನಿನ್ನ ಲಾರಿಗಳು ನಿಂತಿರಲಿಲ್ಲವಲ್ಲೋ! ಔಷಧಿ, ದಿನಸಿ ಸಾಗಿಸುವವರಿಗೆ ಎಲ್ಲ ರಸ್ತೆಯೂ ತೆರೆದಿತ್ತು. ‘ಪುರುಸೊತ್ತೇ ಇಲ್ಲ ಅಕ್ಕಾ’ ಎಂದು ನೀನೇ ಹೇಳುತ್ತಿದ್ದೆ. ನಮ್ಮ ಬೀದಿಯ ಚಪ್ಪಲಿ ರಿಪೇರಿಯವನು, ಬೀಗದ ಕೈ ಮಾಡುವವನು ಕೂಡ ಅದೇ ಹನ್ನೊಂದು ಪುಟ ತುಂಬಿದ್ದರು. ಅವರಿಗೆ ‘ನಿಧಿ ಖಾಲಿ’ ಎಂದು ಉತ್ತರ ಬಂತು. ಬೀಗದವನು ಯಂತ್ರ ಮಾರಿ ಊರು ಬಿಟ್ಟ. ಅವನ ಮುಖ ಕಣ್ಣೆದುರು ಬಂದಾಗಲೆಲ್ಲ ನಿನ್ನನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸುತ್ತದೆ, ಚಿಕ್ಕಂದಿನಲ್ಲಿ ಬಾರಿಸುತ್ತಿದ್ದ ಹಾಗೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನಿನಗೆ ಹೇಳಿದಳು. ನೀನು ಅವಳ ಕೈಲೇ ಹೇಳಿ ಕಳಿಸಿದೆ, ‘ಅರ್ಧ ಕೊಡ್ತೀನಿ, ದೂರು ಗೀರು ಬೇಡ ಅನ್ನು.’ ಅಮ್ಮ ನನ್ನ ಮಂಚದ ಕೊನೆಗೆ ಕೂತು, ‘ತಗೊಂಡು ಸುಮ್ಮನಾಗೇ, ಒಡಹುಟ್ಟಿದವನು’ ಎಂದಳು. ನಾನು ಒಡಹುಟ್ಟಿದವಳಲ್ಲವೇ ಎಂದು ಕೇಳಿದೆ. ಅವಳು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಂದೇ ಮನೆಯಲ್ಲಿ ಇಬ್ಬರೂ ಗೋಡೆ ನೋಡಿಕೊಂಡು ಉಣ್ಣುತ್ತೇವೆ. ಅರ್ಧವಂತೆ, ಅರ್ಧ! ಯಾರದ್ದರಲ್ಲಿ ಯಾರಿಗೆ ಅರ್ಧ?

ನಿನ್ನೆ ದೂರು ಕೊಟ್ಟೆ. ಬರವಣಿಗೆಯಲ್ಲಿ ಕೊಟ್ಟೆ, ನಿನ್ನ ಹೆಸರು ಹಾಕಿಯೇ ಕೊಟ್ಟೆ. ಅಧಿಕಾರಿ ಒಳ್ಳೆಯವರು. ಕನ್ನಡಕ ಹಣೆಗೇರಿಸಿ, ‘ಯೋಚನೆ ಮಾಡಿದ್ದೀರಾ ತಾಯಿ? ತಮ್ಮ ಅಂತೀರಿ. ಒಂದ್ಸಲ ಮುದ್ರೆ ಬಿದ್ರೆ ವಾಪಸ್ ತಗೊಳ್ಳೋಕೆ ನನ್ನಿಂದಲೂ ಆಗಲ್ಲ. ನಿಮ್ಮ ಸಹಿ ಇದೆ, ನಿಮ್ಮನ್ನೂ ಕೇಳ್ತಾರೆ’ ಎಂದರು.

‘ಕೇಳಲಿ. ಹಾಕಿ ಸ್ವಾಮಿ’ ಎಂದೆ.

ವಿಚಾರಣೆ ಮುಗಿಯುವತನಕ ನನಗೆ ಎಲ್ಲಿಂದಲೂ ನೆರವಿಲ್ಲ. ಅದು ಗೊತ್ತಿದ್ದೇ ಕೊಟ್ಟೆ. ಬಟ್ಟೆ ಒಣಗಿಸುವ ದೊಡ್ಡ ಯಂತ್ರ ಮಾರಿದೆ. ಸೋಂಕಿತರನ್ನಿಟ್ಟ ಕೇಂದ್ರದ ಹಾಸುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ, ನಾನು ಒಪ್ಪಿಕೊಂಡೆ. ನಂಬರಕ್ಕನೂ ಇನ್ನೊಬ್ಬಳೂ ವಾಪಸು ಬಂದಿದ್ದಾರೆ. ಮೊಣಕೈವರೆಗೆ ಕೈಗವಸು ಹಾಕಿ ಕುದಿಯುವ ನೀರಿನಲ್ಲಿ ಒಗೆಯುತ್ತೇವೆ, ಟೀಚರ್ ಬಿಟ್ಟುಕೊಟ್ಟ ತಾರಸಿಯಲ್ಲಿ ಹರವುತ್ತೇವೆ. ಬಾಗಿಲು ಹಾಕಿಲ್ಲ. ಹಾಕುವುದೂ ಇಲ್ಲ.

ನಿನ್ನ ಹೆಂಡತಿಗೆ ಹೇಳು, ನೀನು ತಂದ ಕಾಗದಕ್ಕೆ ಇನ್ನು ಮೇಲೆ ಓದಿ ಸಹಿ ಹಾಕಲಿ. ಅಮ್ಮನ ಮಾತ್ರೆ ಕಳಿಸುವುದನ್ನು ನಿಲ್ಲಿಸಬೇಡ, ಈ ಜಗಳ ಅವಳದಲ್ಲ. ಮಗಳು ಚೆನ್ನಾಗಿ ಓದಲಿ. ನಿನ್ನ ಲಾರಿಗಳು ಎಲ್ಲೂ ಮಗುಚದಿರಲಿ, ಅವುಗಳ ಚಾಲಕರು ಕ್ಷೇಮವಾಗಿ ಮನೆ ಸೇರಲಿ. ನಿನಗೂ ಆಯಸ್ಸು, ಆರೋಗ್ಯ ಕೊಡಲಿ ದೇವರು. ಒಳ್ಳೆಯ ನಿದ್ದೆ ಕೊಡಲಿ ಎಂದು ಮಾತ್ರ ನನ್ನ ಕೈಲಿ ಬರೆಯಲಾಗುತ್ತಿಲ್ಲ.

ನಿನ್ನ
ಅಕ್ಕ

ಲಕೋಟೆ ಅಂಟಿಸಲು ಹೋದವಳು ಮತ್ತೆ ಕೂತೆ. ದುಡ್ಡಿನ ಸಿಟ್ಟು ಎಂದಾದರೂ ಇಳಿದೀತು. ಇದು ಇಳಿಯುವುದಿಲ್ಲ. ಆ ಅರ್ಜಿಯ ಒಂಬತ್ತನೇ ಪುಟದಲ್ಲಿ, ನಿಮ್ಮ ಕಷ್ಟವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಎಂದು ಒಂದು ಚೌಕವಿದೆ. ನೀನು ಅಲ್ಲಿ ಬರೆದದ್ದನ್ನು ಆ ಗುಮಾಸ್ತೆ ನನಗೆ ಓದಿ ಹೇಳಿದಳು. ‘ಕೆಲಸದವರ ಮುಖ ನೋಡಲಾಗದೆ ಹಿಂಬಾಗಿಲಿನಿಂದ ಬಂದು ಹೋಗುತ್ತೇನೆ. ತಣ್ಣಗಾದ ಲಾರಿಯ ಮೇಲೆ ಕೈಯಿಟ್ಟರೆ ಹೆಣ ಮುಟ್ಟಿದ ಹಾಗಾಗುತ್ತದೆ. ನಾನು ಯಾರಿಗೂ ಬೇಡವಾದೆನೇನೋ ಅನಿಸುತ್ತದೆ.’ ಏಪ್ರಿಲ್‌ನಲ್ಲಿ ಒಂದು ಭಾನುವಾರ ನಿನಗೆ ಫೋನ್ ಮಾಡಿ, ಅಮ್ಮನಿಗೂ ಹೇಳದ್ದನ್ನು ಹೇಳಿಕೊಂಡು ಅತ್ತೆನಲ್ಲ, ಅವೇ ಮಾತು. ನಾನು ಲಾಂಡ್ರಿಯ ಬಾಯ್ಲರ್ ಎಂದಿದ್ದ ಕಡೆ ನೀನು ಲಾರಿ ಎಂದು ಹಾಕಿದ್ದೀಯ, ಅಷ್ಟೆ. ಅವತ್ತು ನೀನು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ‘ಹೇಳು ಅಕ್ಕಾ, ನಿಧಾನಕ್ಕೆ ಹೇಳು, ಇನ್ನೂ ಹೇಳು’ ಎಂದೆ. ನನ್ನ ತಮ್ಮ ಎಷ್ಟು ದೊಡ್ಡವನಾಗಿದ್ದಾನೆ ಎಂದುಕೊಂಡು ಅವತ್ತು ಸಮಾಧಾನವಾಗಿ ಫೋನ್ ಇಟ್ಟೆ. ನೀನು ಬರೆದುಕೊಳ್ಳುತ್ತಿದ್ದೆ.